ತೊಟ್ಟಿಲ ಬೆಲ್ಲ

ತಿಕೋಂಡಿ, ತಾ. ಜತ್ತ
೧೪-೭-೧೯೫೪

ಚಿ. ಬಸಗೊಂಡನಿಗೆ ನಿನ್ನ ಕಾಕಾ ಗೊಲ್ಲಾಳಪ್ಪನ ಆಶೀರ್ವಾದ.

ನಿನ್ನ ಕಾಕುವಿನ ಮೊಳಕಾಲು ಬಿಟ್ಟರೆ ಇಲ್ಲಿ ಎಲ್ಲವೂ ನೆಟ್ಟಗಿದೆ. ನಾನು ಅಜ್ಜನಾದೆ, ನಿನ್ನ ತಂಗಿ ರುಕ್ಮವ್ವನಿಗೆ ಗಂಡುಕೂಸಾಗಿದೆ. ಹೋದ ತಿಂಗಳ ಕೊನೆಗೆ ತೊಟ್ಟಿಲಿಗೆ ಹಾಕಿದೆವು. ಕಿವಿ ನನ್ನ ಹಾಗೆ, ಅಳುವ ದನಿಯೂ ನನ್ನ ಹಾಗೆ. ಮುಂದೆ ದೊಡ್ಡ ಮಾತುಗಾರನಾಗುತ್ತಾನೆ.

ಈಗ ನಿಜವಾದ ಸುದ್ದಿ. ಈ ಲಕೋಟೆಯಲ್ಲಿ ಮರಾಠಿಯಲ್ಲಿ ಬರೆದ ನಾಲ್ಕು ಪುಟದ ಅರ್ಜಿ ಇದೆ. ನೀನು ವಿಧಾನಸಭೆಯ ನಮ್ಮ ಆಮದಾರ ಸಾಹೇಬರ ಕಾರಕೂನ. ನಿನ್ನ ಕೈಯಿಂದ ಸಾಹೇಬರ ಕೈಗೆ, ಅಲ್ಲಿಂದ ಗವರ್ನರರ ಕೈಗೆ ಇದು ಹೋಗಬೇಕು. ಮೊದಲ ಪುಟ ಮುಗಿಯುವುದರೊಳಗೆ ಗವರ್ನರರು ಕನ್ನಡಕ ತೆಗೆದು ಒರೆಸಿಕೊಳ್ಳಬೇಕು, ಹಾಗೆ ಬರೆದಿದ್ದೇನೆ. ಬರೆದವನು ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ನಿಂತವನು ಎಂದು ಯಾರೂ ನಂಬಲಾರರು.

ಅರ್ಜಿ ಗುರಪ್ಪನದು. ನೀನು ಊರು ಬಿಟ್ಟ ಮೇಲೆ ನಡೆದದ್ದು, ಆದರೂ ಕೇಳಿರುತ್ತೀ. ನಾಲ್ಕು ವರ್ಷದ ಹಿಂದೆ ಕುರುಬರ ಸೋಮನಿಂಗಪ್ಪ, ಗೊಬ್ಬರಕ್ಕೆ ಗುರಪ್ಪನ ಹೊಲದಲ್ಲಿ ಮೂರು ರಾತ್ರಿ ಕುರಿ ಕೂಡಿಸುತ್ತೇನೆಂದು ಮಾತು ಕೊಟ್ಟು ಬೇರೆಯವರ ಹೊಲಕ್ಕೆ ಹೊಡೆದುಕೊಂಡು ಹೋದ. ಗುರಪ್ಪ ಕೊಡಲಿ ಎತ್ತಿದ. ಸೋಮನಿಂಗಪ್ಪ ಹೆಂಡತಿ ಯಮನವ್ವನ ಕಣ್ಣೆದುರೇ ಸತ್ತ. ಆಕೆಯ ಸಾಕ್ಷಿಯ ಮೇಲೆ ಗುರಪ್ಪನಿಗೆ ಜನ್ಮಠೇಪ ಆಯಿತು, ಜೀವವಿರುವ ತನಕ ಜೈಲು. ಈಗ ಯರವಡಾ ಜೈಲಿನಲ್ಲಿದ್ದಾನೆ.

ಅವನ ತಾಯಿ ಸಾವಿತ್ರೆವ್ವ, ದೊಡ್ಡಮನೆಯಾಕೆ, ಜನ್ಮದಲ್ಲಿ ನಮ್ಮ ಅಂಗಳ ತುಳಿದವಳಲ್ಲ. ಬಂದು ನಿಂತಳು. "ಗೊಲ್ಲಾಳಪ್ಪ, ಸಾಯೂದ್ರಾಗ ಮಗನ ಮಾರಿ ನೋಡಬೇಕು. ಬರಿಯೂ ಕೈ ಅಂದ್ರ ನಿಂದ ಅಂತಾರ ಎಲ್ಲಾರೂ" ಅಂದಳು. ಹತ್ತು ಜನ ನೋಡುತ್ತಿದ್ದರು. ಸೆರಗಿನ ಗಂಟು ಬಿಚ್ಚಲು ಹೋದಳು. "ಅದನ್ನ ಕಟ್ಟಿಕೋ ಯವ್ವಾ, ಗೊಲ್ಲಾಳಪ್ಪ ಅಕ್ಷರ ಮಾರೂದಿಲ್ಲ" ಅಂದೆ.

ಮೂರನೆಯ ಪುಟವನ್ನು ಎರಡು ಸಲ ಓದು. ಅರ್ಜಿಯ ಜೀವ ಅಲ್ಲಿದೆ. ನಮ್ಮಲ್ಲಿ ಎರಡು ಮನೆಗಳ ಹಗೆ ಮುರಿಯಬೇಕಾದರೆ ನೊಂದ ಮನೆಯವರು ನೋಯಿಸಿದ ಮನೆಯ ಬೆಲ್ಲ ತಿನ್ನಬೇಕು. ಆಮೇಲೆ ತಪ್ಪು ಮಾಡಿದವನು ಅವರ ಬಾಗಿಲಿಗೆ ಬಂದು ನೀರು ಕೇಳಿ ಕುಡಿಯಬೇಕು. ಇದು ನಿನಗೆ ಗೊತ್ತು, ಗವರ್ನರರಿಗೆ ಗೊತ್ತಿರಲಿಕ್ಕಿಲ್ಲವೆಂದು ಬಿಡಿಸಿ ಬರೆದಿದ್ದೇನೆ. ಯಮನವ್ವ ದೊಡ್ಡಮನೆಯ ಬೆಲ್ಲ ತಿಂದಿದ್ದಾಳೆ. ನಾನೇ ಸಾಕ್ಷಿ. ನೀರು ಕುಡಿಯುವವನು ಬರುವುದೊಂದೇ ಉಳಿದಿದೆ.

ಮರೆತಿದ್ದೆ. ಅದೇ ಯಮನವ್ವ ನಮ್ಮ ಕೂಸಿಗೆ ಕರಿ ಉಣ್ಣೆಯ ಉಡದಾರ ಹೊಸೆದು ಕೊಟ್ಟಿದ್ದಾಳೆ. ಕಟ್ಟಿದರೆ ದೃಷ್ಟಿಯಾಗುವುದಿಲ್ಲವಂತೆ.

ನಿನ್ನ ಕಾಕಾ
ಗೊಲ್ಲಾಳಪ್ಪ


ಮುಂಬಯಿ
೩-೮-೧೯೫೪

ತೀರ್ಥರೂಪ ಕಾಕಾ ಅವರಿಗೆ ಬಸಗೊಂಡನ ನಮಸ್ಕಾರಗಳು.

ರುಕ್ಮವ್ವನ ಸುದ್ದಿ ಓದಿ ಸಂತೋಷವಾಯಿತು. ಕೂಸಿಗೆ ಕಿವಿ ಮಾತ್ರ ನಿಮ್ಮದಿದ್ದರೆ ಸಾಕು.

ಅರ್ಜಿಯನ್ನು ಸಾಹೇಬರಿಗೆ ಕೊಟ್ಟೆ. ಕಿಟಕಿಯ ಹತ್ತಿರ ನಿಂತು ಓದಿದರು. ಕನ್ನಡಕ ಒರೆಸಿಕೊಳ್ಳಲಿಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮಂತ್ರಿಗಳು ಸಲಹೆ ಕೊಡುತ್ತಾರೆ, ಗವರ್ನರರು ಸಹಿ ಮಾಡುತ್ತಾರೆ, ಇಬ್ಬರೂ ಮರೆಯುತ್ತಾರೆ. ಶಿಫಾರಸು ಬರೆದವನು ಮಾತ್ರ ಆ ಊರಿಗೆ ಮತ ಕೇಳಲು ಹೋಗಬೇಕು. ಇವನು ಹೊರಗೆ ಬಂದು ಮತ್ತೆ ಕೊಡಲಿ ಎತ್ತಿದರೆ, ಅದರ ಕಾವು ನನ್ನ ಕೈಯಲ್ಲಿತ್ತು ಎನ್ನುತ್ತಾರೆ." ಆಮೇಲೆ, ದೊಡ್ಡಮನೆಯ ಬಳಗ ಎಷ್ಟು ಹಳ್ಳಿಗಳಲ್ಲಿದೆ ಎಂದು ಕೇಳಿದರು. ಐದು ಎಂದೆ. ಅರ್ಜಿಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡರು.

ಹೀಗಾಗಿ ಎಲ್ಲವೂ ನಿಮ್ಮ ಮೂರನೆಯ ಪುಟದ ಮೇಲೆ ನಿಂತಿದೆ. ಗಂಡನನ್ನು ಕಳೆದುಕೊಂಡವಳೇ ಬೆಲ್ಲ ತಿಂದಿದ್ದರೆ ನಾಳೆ ಯಾರೂ ಬೆರಳು ತೋರಿಸುವಂತಿಲ್ಲ. ಜತ್ತದಿಂದ ಒಬ್ಬ ಅಧಿಕಾರಿ ಬಂದು ಆಕೆಯನ್ನು ಕೇಳುತ್ತಾರೆ.

ಕಾಕಾ, ನನ್ನ ಸಣ್ಣಂದಿನಲ್ಲಿ ನೀವು ಬರಿಗೈಯಿಂದ ತೋಳ ಓಡಿಸಿದ ಕಥೆ ಹೇಳುತ್ತಿದ್ದಿರಿ. ಅದು ನಮ್ಮ ಮನೆಯ ನಾಯಿಯೇ ಆಗಿತ್ತೆಂದು ಕಾಕು ಆಮೇಲೆ ಹೇಳಿದಳು. ಈ ಬೆಲ್ಲ ಆ ತೋಳದಂಥದ್ದಲ್ಲ ತಾನೆ? ಸಿಟ್ಟಾಗಬೇಡಿರಿ. ಕೇಳುವುದು ನನ್ನ ಕೆಲಸ.

ನಿಮ್ಮ
ಬಸಗೊಂಡ


ತಿಕೋಂಡಿ
೨೦-೯-೧೯೫೪

ಚಿ. ಬಸಗೊಂಡನಿಗೆ ಆಶೀರ್ವಾದ.

ತೋಳದ ಮಾತು ಎತ್ತಿದ್ದಕ್ಕೆ ನಾಲ್ಕು ದಿನ ಸಿಟ್ಟಾಗಿದ್ದೆ, ಐದನೆಯ ದಿನ ಬಿಟ್ಟುಬಿಟ್ಟೆ. ಕತ್ತಲಲ್ಲಿ ನಾಯಿ ಯಾವುದು ತೋಳ ಯಾವುದು, ಓಡಿಸಿದ್ದಂತೂ ಖರೆ.

ಅಧಿಕಾರಿ ಬಂದು ಹೋದರು. ಅವರಿಗೆ ಕನ್ನಡ ಬಾರದು, ಯಮನವ್ವನಿಗೆ ಮರಾಠಿ ಬಾರದು. ಊರಲ್ಲಿ ಎರಡೂ ಬಲ್ಲವನು ಯಾರು? ನನ್ನನ್ನೇ ಕರೆಸಿದರು, ಕುರ್ಚಿ ಹಾಕಿಸಿದರು. ಚಾವಡಿಯ ಮುಂದೆ ಎಲ್ಲರೂ ಇದ್ದರು. ಬೆಲ್ಲ ತಿಂದೆಯಾ ಎಂದು ಕೇಳಿದಾಗ ಯಮನವ್ವ ತನ್ನ ಬಾಯಿಂದಲೇ "ಹೌದ್ರಿ, ತಿಂದೀನಿ" ಎಂದಳು. ಅಧಿಕಾರಿ ಬರೆದುಕೊಂಡು ಆಕೆಯ ಹೆಬ್ಬಟ್ಟು ಒತ್ತಿಸಿಕೊಂಡರು. ಇದಕ್ಕಿಂತ ಇನ್ನೇನು ಬೇಕು ನಿನಗೆ?

ಹೋಗುವಾಗ ಅಧಿಕಾರಿ ನನ್ನ ಅಕ್ಷರ ನೋಡಿ, ಇಂಥ ಅಕ್ಷರ ನಮ್ಮ ಕಚೇರಿಯಲ್ಲೂ ಇಲ್ಲ ಎಂದರು. ನಿನ್ನ ಕಾಕು ಇದನ್ನು ನಂಬುವುದಿಲ್ಲ. ಪಕ್ಕದ ಮನೆಯ ಕಾಸೀಂಸಾಬನನ್ನು ಕೇಳು ಎಂದೆ. ಅವನು ಪಕ್ಕದಲ್ಲೇ ಇದ್ದ.

ಗೊಲ್ಲಾಳಪ್ಪ


ಮುಂಬಯಿ
೧೧-೪-೧೯೫೫

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ಹುಕುಂ ಆಯಿತು. ಗುರಪ್ಪನ ಉಳಿದ ಶಿಕ್ಷೆಯನ್ನು ಗವರ್ನರರು ಮಾಫಿ ಮಾಡಿದ್ದಾರೆ. 'ಮೃತನ ಕುಟುಂಬವು ಸ್ಥಳದ ಪದ್ಧತಿಯಂತೆ ರಾಜಿಯಾಗಿರುವುದನ್ನು ಗಮನಿಸಿ' ಎಂಬ ಮಾತು ಅದರಲ್ಲಿದೆ. ನಿಮ್ಮ ಮೂರನೆಯ ಪುಟವೇ ಅದು.

ಸಾಹೇಬರು ನನ್ನ ಬೆನ್ನು ತಟ್ಟಿದರು. ನನ್ನ ನೌಕರಿ ಕಾಯಂ ಆಗುವ ಮಾತೂ ಆಡಿದರು. ನಾನು ತಲೆಯಾಡಿಸಿದೆ.

ಬಸಗೊಂಡ


ತಿಕೋಂಡಿ
೨-೫-೧೯೫೫

ಚಿ. ಬಸಗೊಂಡನಿಗೆ ಆಶೀರ್ವಾದ.

ಗುರಪ್ಪ ಬಂದ. ಜತ್ತದಿಂದ ಬಂಡಿಯಲ್ಲಿ ಕರೆತಂದರು. ಊರ ಹೊರಗೆ ಹಲಗೆಯವರು ಕಾಯುತ್ತಿದ್ದರು. ಅವನ ಕೊರಳಿಗೊಂದು ಮಾಲೆ, ನನ್ನ ಕೊರಳಿಗೊಂದು. ನನ್ನದು ಉದ್ದವಿತ್ತು. ಸಾವಿತ್ರೆವ್ವ ಮಗನ ಮುಖ ಹಿಡಿದು ಎಷ್ಟು ಹೊತ್ತು ನೋಡಿದಳೆಂದರೆ ಹಲಗೆ ಬಡಿಯುವವರೇ ನಿಲ್ಲಿಸಿಬಿಟ್ಟರು. ಅವನು ಬಿಳಿಚಿದ್ದಾನೆ, ಮಾತು ಕಡಿಮೆಯಾಗಿದೆ, ಯಾರಾದರೂ ಕರೆದರೆ ಎದ್ದು ನಿಲ್ಲುತ್ತಾನೆ.

ಈಗ ಊರಲ್ಲಿ ನನ್ನನ್ನು 'ಗವರ್ನರ್ ಗೊಲ್ಲಾಳಪ್ಪ' ಎನ್ನುತ್ತಾರೆ. ಕುಣಿಕೋಣೂರಿನಿಂದಲೂ ಯಳವಿಯಿಂದಲೂ ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದಾರೆ. ನಾನೊಂದು ಮೇಜು ಮಾಡಿಸಿದ್ದೇನೆ.

ಯಮನವ್ವ ಬಾವಿಯ ಹತ್ತಿರ ಸಿಕ್ಕಳು. ಮಾತಾಡಿಸಿದೆ. ಮಾತಾಡದೆ ಹೋದಳು. ಕಣ್ಣಿಗೆ ಬಿಸಿಲು ಹೊಡೆದಿರಬೇಕು.

ನಾಳೆ ಒಳ್ಳೆಯ ದಿನ. ಗುರಪ್ಪನನ್ನು ಕರೆದುಕೊಂಡು ಆಕೆಯ ಬಾಗಿಲಿಗೆ ಹೋಗುತ್ತೇವೆ, ನೀರು ಕುಡಿಸಲಿಕ್ಕೆ. ಅದು ಹೇಗಾಯಿತೆಂದು ವಿವರವಾಗಿ ಬರೆಯುತ್ತೇನೆ.

ಗವರ್ನರ್ ಗೊಲ್ಲಾಳಪ್ಪ


ಮುಂಬಯಿ
೮-೭-೧೯೫೫

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ನನ್ನ ಮೂರು ಪತ್ರಗಳಿಗೆ ನಿಮ್ಮಿಂದ ಉತ್ತರವಿಲ್ಲ. ವಿವರವಾಗಿ ಬರೆಯುತ್ತೇನೆಂದವರು ಎರಡು ತಿಂಗಳು ಸುಮ್ಮನಿದ್ದೀರಿ. ನಿಮ್ಮ ಜಾಯಮಾನಕ್ಕೆ ಇದು ಹೊಸದು.

ತಿಕೋಂಡಿಯಲ್ಲಿ ಕೊಡಲಿ ಏಟು ಬಿದ್ದಿದೆ ಎಂಬ ಸುದ್ದಿ ಸಾಹೇಬರ ಕಿವಿಗೆ ಬಿದ್ದಿದೆ. ಬಿಡುಗಡೆಯಾದವನೇ ಮತ್ತೆ ಹೊಡೆದ ಎಂದು ಒಬ್ಬರು, ಅವನಿಗೇ ಬಿತ್ತು ಎಂದು ಇನ್ನೊಬ್ಬರು ಹೇಳುತ್ತಾರೆ. ಸಾಹೇಬರು ಊಟ ಬಿಟ್ಟು ಕೂತಿದ್ದಾರೆ. ನಡೆದದ್ದನ್ನು ನಡೆದಂತೆ ಬರೆಯಿರಿ.

ಬಸಗೊಂಡ


ತಿಕೋಂಡಿ
೧೯-೭-೧೯೫೫

ಚಿ. ಬಸಗೊಂಡನಿಗೆ ಆಶೀರ್ವಾದ.

ಗುರಪ್ಪ ಯಾರನ್ನೂ ಹೊಡೆದಿಲ್ಲ. ಇದನ್ನು ಮೊದಲು ಸಾಹೇಬರಿಗೆ ಹೇಳು.

ನಾವು ನೀರಿಗೆ ಹೋದ ದಿನ ಯಮನವ್ವ ನೀರು ಕೊಡಲಿಲ್ಲ. ಹೆಂಗಸರ ಮನಸ್ಸು, ಒಂದು ದಿನ ಹೀಗೆ ಒಂದು ದಿನ ಹಾಗೆ. ಆಕೆಯ ಮಗ ಅಮೋಗಸಿದ್ದ ಆಗ ಉಣ್ಣೆ ಮಾರಲು ವಿಜಾಪುರಕ್ಕೆ ಹೋಗಿದ್ದ. ಹತ್ತೊಂಬತ್ತು ವರ್ಷದವನು, ಅಪ್ಪನ ಹಾಗೆಯೇ ಗಟ್ಟಿ. ಅಲ್ಲಿ ಪ್ಯಾಟೆಯೊಳಗೆ ಯಾರೋ ನಗುತ್ತ "ಯಾಕೋ, ನಿಮ್ಮಪ್ಪನ ನೆತ್ತರಕ್ಕ ಎಷ್ಟ ಮಣ ಬೆಲ್ಲಾ ಬಂತು?" ಎಂದರಂತೆ. ಉಣ್ಣೆಯ ಗಂಟು ಅಲ್ಲೇ ಬಿಟ್ಟು ನಡೆಯುತ್ತ ಬಂದ. ಗುರಪ್ಪ ಹೊಲದ ಬದುವಿನ ಮೇಲೆ ಕೂತಿದ್ದ. ಒಂದೇ ಏಟು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮಿರಜ ದವಾಖಾನೆಯಲ್ಲಿ ಮೊಳಕೈಯಿಂದ ತೆಗೆದರು.

ಅಮೋಗಸಿದ್ದನನ್ನು ಸಾಂಗಲಿಗೆ ಒಯ್ದಿದ್ದಾರೆ. ಹುಡುಗ ಬಿಸಿ ನೆತ್ತರಿನವನು. ಇದರಲ್ಲಿ ನಮ್ಮ ಅರ್ಜಿಯ ತಪ್ಪೇನಿದೆ? ನೀನೇ ಹೇಳು.

ಗೊಲ್ಲಾಳಪ್ಪ


ಮುಂಬಯಿ
೧೬-೧-೧೯೫೬

ಕಾಕಾ,

ಸಾಂಗಲಿ ಕೋರ್ಟಿನ ತೀರ್ಪಿನ ನಕಲು ಸಾಹೇಬರಿಗೆ ಬಂದಿದೆ. ನಾನು ಓದಿದೆ.

'ನಾನು ದೊಡ್ಡಮನೆಯ ಬೆಲ್ಲ ಮುಟ್ಟಿಲ್ಲ' ಎಂದು ಯಮನವ್ವ ಹೇಳಿಕೆ ಕೊಟ್ಟಿದ್ದಾಳೆ. ಸರಕಾರಿ ವಕೀಲರು ಗವರ್ನರರ ಹುಕುಮನ್ನೂ ಆಕೆಯ ಹೆಬ್ಬಟ್ಟನ್ನೂ ಮುಂದಿಟ್ಟು, ಹಗೆ ಮುರಿದ ಮೇಲೆ, ಮಾತು ಮುಗಿದ ಮೇಲೆ ಈ ಹುಡುಗ ಹೊಡೆದಿದ್ದಾನೆ, ಇವನಿಗೆ ಏನೂ ನೆಪವಿಲ್ಲ ಎಂದಿದ್ದಾರೆ. ಹಾಗಾಗಿ ಏಳು ವರ್ಷ. ನಿಮ್ಮನ್ನೂ ಕರೆಸಿ, ಪ್ರಮಾಣ ಮಾಡಿಸಿ ಕೇಳಿದ್ದಾರೆ. 'ತಿಂದಿದ್ದಾಳೆ, ನನ್ನ ಕೈಯಿಂದಲೇ ತಿಂದಿದ್ದಾಳೆ' ಎಂದಿದ್ದೀರಿ. ಕೋರ್ಟಿಗೆ ಹೋದದ್ದನ್ನು ನನಗೆ ಬರೆಯಲೇ ಇಲ್ಲ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಅರ್ಜಿಯ ಕೊನೆಗೆ, ಆ ಊರಿನವರೊಬ್ಬರು ಖಾತ್ರಿ ಕೊಡಬೇಕು ಎಂದು ಸಾಹೇಬರು ಹೇಳಿದಾಗ, 'ಬೆಲ್ಲದ ಸಂಗತಿ ನನ್ನ ಸ್ವಂತ ತಿಳುವಳಿಕೆಯಂತೆ ನಿಜ' ಎಂದು ಬರೆದು ಸಹಿ ಮಾಡಿದವನು ನಾನು. ಮುನ್ನೂರು ಮೈಲಿ ದೂರ ಕೂತು. ನೌಕರಿ ಕಾಯಂ ಆಗಲಿ ಎಂದು.

ಈಗ ಕೇಳುತ್ತೇನೆ. ಯಮನವ್ವ ಸುಳ್ಳು ಹೇಳುವ ಹೆಂಗಸಲ್ಲ. ಹಾಗಾದರೆ ಅದು ಯಾರ ಬೆಲ್ಲ?

ಬಸಗೊಂಡ


ತಿಕೋಂಡಿ
೬-೨-೧೯೫೬

ಬಸಗೊಂಡ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೊದಲ ಎರಡರಲ್ಲಿ ಮತ್ತೆ ಜಾಣನಾಗಿದ್ದೆ.

ಬೆಲ್ಲ ದೊಡ್ಡಮನೆಯದೇ. ಸಾವಿತ್ರೆವ್ವ ಹಿತ್ತಾಳೆಯ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. "ಆಕಿ ಕಾಲ ಹಿಡದು ತಿನಸಪಾ" ಅಂದಳು. ನಾನು ಕಾಲು ಹಿಡಿಯಲಿಲ್ಲ. ಯಮನವ್ವ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದೇ ವಾರ ಕೂಸನ್ನು ತೊಟ್ಟಿಲಿಗೆ ಹಾಕಿದ್ದೆವು. ತಟ್ಟೆ ಮನೆಯಲ್ಲಿಟ್ಟು ಬೆಲ್ಲವನ್ನು ನಮ್ಮ ವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. "ತಗೋ ತಂಗಿ, ಮೊಮ್ಮಗನ ತೊಟ್ಟಿಲ ಬೆಲ್ಲ" ಅಂದೆ. ಆಕೆ ಕೈ ತೊಳೆದು ಬಂದಳು. ಎರಡೂ ಕೈಯಿಂದ ತೆಗೆದುಕೊಂಡಳು. "ನಿನ್ನ ಮೊಮ್ಮಗ ನೂರ ವರ್ಷ ಬಾಳಲಿ ಅಣ್ಣಾ" ಅಂದು ಬಾಯಿಗೆ ಹಾಕಿಕೊಂಡಳು. ಗಂಡ ಸತ್ತ ಮನೆಗೆ ಇಷ್ಟು ದಿನ ಯಾರೂ ಶುಭದ ಬೆಲ್ಲ ತಂದಿರಲಿಲ್ಲವಂತೆ. ಅಲ್ಲೇ ಕೂತು ಉಡದಾರ ಹೊಸೆದು ಕೊಟ್ಟಳು. ಅದನ್ನು ಕಿಸೆಯಲ್ಲಿಟ್ಟುಕೊಂಡು ನಗುತ್ತ ಬಂದೆ. ದೊಡ್ಡಮನೆಯ ಬೆಲ್ಲ, ಯಮನವ್ವನ ಬಾಯಿ, ಒಂದು ಅಕ್ಷರವೂ ಸುಳ್ಳಲ್ಲ ಎಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅಧಿಕಾರಿ ಬಂದಾಗ ಅವರು ಮರಾಠಿಯಲ್ಲಿ, ಗುರಪ್ಪನ ಮನೆಯ ಬೆಲ್ಲ ತಿಂದು ರಾಜಿಯಾದೆಯಾ ಎಂದು ಕೇಳಿದರು. ನಾನು ಕನ್ನಡದಲ್ಲಿ "ಯಮನವ್ವ, ಅವತ್ತ ನಾ ಕೊಟ್ಟ ಬೆಲ್ಲ ತಿಂದ್ಯೋ ಇಲ್ಲೋ?" ಎಂದು ಕೇಳಿದೆ. "ಹೌದ್ರಿ, ತಿಂದೀನಿ. ಕೂಸು ಚಲೋ ಇರ್ಲಿ" ಅಂದಳು. ಮೊದಲಿನ ಅರ್ಧವನ್ನು ಮರಾಠಿಗೆ ತಂದೆ. ಕೂಸನ್ನು ಕನ್ನಡದಲ್ಲೇ ಬಿಟ್ಟೆ. ಸರಕಾರದವರು ತೊಟ್ಟಿಲ ಬೆಲ್ಲದ ಮಾತು ಯಾಕೆ ಕೇಳುತ್ತಾರೆ ಎಂದು ಆಕೆ ಕೇಳಿದಳು. ಹುಟ್ಟಿದ ಕೂಸುಗಳ ಗಣತಿ ಅಂದೆ.

ನೀರಿಗೆ ಹೋದ ದಿನ ಗುರಪ್ಪ ರುಮಾಲು ತೆಗೆದು ಆಕೆಯ ಹೊಸ್ತಿಲ ಕೆಳಗೆ ಕೂತ. "ಯಮನವ್ವಾ, ನೀ ಬೆಲ್ಲ ತಿಂದಿ ಅಂತ ಜೈಲಿನ್ಯಾಗ ಕೇಳಿದ ದಿನ ನಾಕ ವರ್ಷಕ್ಕ ನನಗ ನಿದ್ದಿ ಬಂತು. ನೀರ ಕೊಡು" ಎಂದ. ಆಕೆ ಅವನನ್ನು ನೋಡಲಿಲ್ಲ. ಹಿಂದೆ ಮಾಲೆಯ ಗುಂಗಿನಲ್ಲಿ ನಿಂತಿದ್ದ ನನ್ನನ್ನು ನೋಡಿದಳು. "ಅಣ್ಣಾ, ಅದು ಕೂಸಿಂದಲ್ಲಾ?" ಅಂದಳು. ನಾನು ನೆಲ ನೋಡಿದೆ. ಆಕೆ ಒಳಗೆ ಹೋಗಿ ಬಾಯಲ್ಲಿ ಬೆರಳಿಟ್ಟು ಕಾರಿಕೊಂಡ ಸಪ್ಪಳ ಕೇಳಿಸಿತು. ಹತ್ತು ತಿಂಗಳ ಹಿಂದೆ ತಿಂದ ಬೆಲ್ಲವನ್ನು.

ಬಾವಿಯ ಹತ್ತಿರ ಬಿಸಿಲಿರಲಿಲ್ಲ. ಅದು ಮೋಡದ ದಿನ. ಗುರಪ್ಪ ಬಂದ ಮೇಲೆ ಊರು ನಾನಾ ಮಾತಾಡುತ್ತಿತ್ತು, ಆಕೆಗೆ ಆಗಲೇ ಅನುಮಾನ ಬಂದಿತ್ತು.

ಕೋರ್ಟಿನಲ್ಲಿ ಹೇಳಬೇಕೆಂದೇ ಹೋದೆ. ಅಮೋಗಸಿದ್ದ ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ವಕೀಲರು "ಈ ಸುಂದರ ಅರ್ಜಿ ಬರೆದವರು ನೀವೇನು?" ಎಂದು ಕೇಳಿದರು. ಆ 'ಸುಂದರ' ಎಂಬ ಮಾತು ಕೇಳಿ ಎದೆ ಉಬ್ಬಿತು ನೋಡು, ಆ ಹೊತ್ತಿನಲ್ಲೂ. ಆಮೇಲೆ ಬಾಯಿ ತನ್ನಷ್ಟಕ್ಕೆ ಹಳೆಯ ಮಾತನ್ನೇ ಆಡಿತು.

ನಾನು ಒಂದು ಪೈಸೆ ಮುಟ್ಟಲಿಲ್ಲ. ಮುಟ್ಟಿದ್ದರೆ ಚಲೋ ಇತ್ತು, ಹೊಟ್ಟೆಗಾಗಿ ಮಾಡಿದೆ ಎನ್ನಬಹುದಿತ್ತು. ಹೆಸರಿಗಾಗಿ ಮಾಡಿದೆ. ಕೂಸಿನ ನಡುವಿನಲ್ಲಿ ಆ ಉಡದಾರ ಹಾಗೆಯೇ ಇದೆ. ಬಿಚ್ಚಲು ಧೈರ್ಯವಿಲ್ಲ, ನೋಡಲೂ ಇಲ್ಲ.

ಬಯ್ದು ಬರೆ. ಬರೆಯದೆ ಇರಬೇಡ.

ಗೊಲ್ಲಾಳಪ್ಪ


ಮುಂಬಯಿ
೨೮-೩-೧೯೫೭

ಕಾಕಾ,

ಒಂದು ವರ್ಷ ಬರೆಯಲಿಲ್ಲ. ಬಯ್ಯಲು ಕೂತಾಗಲೆಲ್ಲ ನನ್ನ ಸಹಿ ನೆನಪಾಗುತ್ತಿತ್ತು.

ಸಾಹೇಬರು ಚುನಾವಣೆಯಲ್ಲಿ ಸೋತರು. ದೊಡ್ಡಮನೆಯ ಐದು ಹಳ್ಳಿಗಳ ಮತ ಬಿದ್ದವು, ಉಳಿದ ಹಳ್ಳಿಗಳವು ಬೀಳಲಿಲ್ಲ. ಎದುರು ಪಕ್ಷದವರು ಪ್ರತಿ ಸಭೆಯಲ್ಲಿ ಒಂದು ಬೆಲ್ಲದ ಹೆಂಟೆಯನ್ನು ಮೇಜಿನ ಮೇಲಿಟ್ಟು 'ಇದರ ಬೆಲೆ ಒಂದು ಕೈ, ಒಂದು ಮಗ' ಎಂದಷ್ಟೇ ಹೇಳಿ ಕೂತುಬಿಡುತ್ತಿದ್ದರಂತೆ. ಸಾಹೇಬರು ಕೊನೆಯ ದಿನ ನನಗೆ, "ಕೊಡಲಿಯ ಕಾವು ನನ್ನ ಕೈಯಲ್ಲಿತ್ತು ಎನ್ನುತ್ತಾರೆಂದು ನಾನೇ ಹೇಳಿದ್ದೆ ನೋಡು" ಎಂದರು. ನಾನು ಈಗ ಪರೇಲಿನ ಒಂದು ಗಿರಣಿಯಲ್ಲಿ ಹಾಜರಿ ಬರೆಯುತ್ತೇನೆ.

ಯಮನವ್ವ ಮಗನಿಗಾಗಿ ಯಾರಿಂದಲೋ ಅರ್ಜಿ ಬರೆಸಿ ಹೊಸ ಆಮದಾರರಿಗೆ ಕಳಿಸಿದ್ದಳು. ಅವರು ಅದನ್ನು ಕೈಯಿಂದಲೂ ಮುಟ್ಟಲಿಲ್ಲವಂತೆ. ಮಾಫಿ ಎಂಬ ಮಾತು ನಮ್ಮ ತಾಲೂಕಿನಲ್ಲಿ ಈಗ ಕಾದ ಕಬ್ಬಿಣ. ಮೊದಲ ಮಾಫಿ ಸುಳ್ಳಿನಿಂದ ಬಂತು, ಹುಡುಗನ ಏಳು ವರ್ಷವೂ ಆ ಸುಳ್ಳಿನಿಂದಲೇ ಬಂತು ಎಂದು ಆ ಸುಳ್ಳು ಹೇಳಿದವರೇ ಬರೆದುಕೊಟ್ಟರೆ ಒಂದು ದಾರಿ ಇದ್ದೀತು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಜೈಲಿದೆ ಎಂಬುದು ನಿಮಗೆ ಗೊತ್ತು. ಬರೆಯಿರಿ ಎಂದು ನಾನು ಹೇಳುವುದಿಲ್ಲ.

ಬಸಗೊಂಡ


ತಿಕೋಂಡಿ
೨೨-೪-೧೯೫೭

ಚಿ. ಬಸಗೊಂಡನಿಗೆ ಆಶೀರ್ವಾದ.

ಬರೆದೆ. ಇದರೊಂದಿಗೆ ಇದೆ. ಒಂದೇ ಪುಟ. ಅಕ್ಷರ ಅಷ್ಟು ಚಂದವಿಲ್ಲ.

ಮೊದಲು ಗುರಪ್ಪನ ಹತ್ತಿರ ಹೋದೆ. ಎಡಗೈಯಿಂದ ಎತ್ತಿಗೆ ಮೇವು ಹಾಕುತ್ತಿದ್ದ. ಎಲ್ಲ ಹೇಳಿದೆ. ಕೈಯಲ್ಲಿದ್ದ ಮೇವು ಕೆಳಗಿಟ್ಟು, "ಹಂಗಾರ ನನಗ ಬಂದಿದ್ದ ನಿದ್ದೀನೂ ನಿಂದ ಏನೋ ಕಾಕಾ" ಎಂದ. ಆಮೇಲೆ, "ನಾ ಹೊಡದಾಗ ಅವ ಸತ್ತ. ಅವನ ಮಗ ಹೊಡದಾಗ ನಾ ಉಳದೆ. ಅಷ್ಟ ಫರಕ. ಎಲ್ಲಿ ಒತ್ತಬೇಕು ತೋರ್ಸು" ಎಂದು ಎಡಗೈ ಚಾಚಿದ. ಹುಡುಗನನ್ನು ಬಿಡುಗಡೆ ಮಾಡಿದರೆ ತನ್ನದೇನೂ ತಕರಾರಿಲ್ಲ ಎಂದು ಅವನ ಹೆಬ್ಬಟ್ಟು ಇದೆ.

ಚಾವಡಿಯ ಮುಂದೆ, ಅಂದು ಕುರ್ಚಿ ಹಾಕಿದ್ದ ಜಾಗದಲ್ಲೇ, ಈ ಸಲ ನಿಂತುಕೊಂಡು ಓದಿದೆ. ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ. ತೊಟ್ಟಿಲ ಬೆಲ್ಲದ ಸಾಲು ಬಂದಾಗ ನಿನ್ನ ತಂಗಿ ರುಕ್ಮವ್ವ ಕೂಸನ್ನೆತ್ತಿಕೊಂಡು ಎದ್ದು ಹೋದಳು. ಸಣ್ಣ ಮಕ್ಕಳು ಹಿಂದಿನಿಂದ "ಗವರ್ನರ್, ಗವರ್ನರ್" ಎಂದವು. ಕಾಸೀಂಸಾಬ ಅವಕ್ಕೆ ಗದರಿಸಲು ಹೋದ. "ಬಿಡೋ, ಖರೇನ ಐತಿ" ಅಂದೆ.

ಯಮನವ್ವ ಕೊನೆಯವರೆಗೆ ಕೇಳಿದಳು. ಈಗಲಾದರೂ ಗುರಪ್ಪನ ಬೆಲ್ಲ ತಿಂದರೆ ಅರ್ಜಿಗೆ ಬಲ ಬಂದೀತು ಎಂದು ಯಾರೋ ಹಿರಿಯರು ಅಂದರು. "ಮಗ ಬೇಕು. ಬೆಲ್ಲ ಒಲ್ಲೆ. ಹಂಗಂತ ಬರಿ" ಎಂದಳು. ಹಾಗೆಯೇ ಬರೆದಿದ್ದೇನೆ: ಎರಡು ಮನೆಗಳ ನಡುವೆ ರಾಜಿಯಾಗಿಲ್ಲ. ಆಕೆ ಹೆಬ್ಬಟ್ಟು ಒತ್ತಿದಳು. ನಾನು ಸಹಿ ಮಾಡಲು ಟಾಕು ಎತ್ತಿದೆ. "ಟಾಕು ಇಡು ಅಣ್ಣಾ. ಟಾಕಿನಿಂದ ನೀ ಏನ್ ಬೇಕಾದ್ರೂ ಮಾಡ್ತಿ. ನನ್ನಂಗ ಒತ್ತು" ಎಂದಳು.

ನಾಲ್ಕನೆಯ ಇಯತ್ತೆ ಕಲಿತ ನಾನು ಇಡೀ ಊರಿನ ಎದುರು ಹೆಬ್ಬಟ್ಟು ಒತ್ತಿದೆ. ಈ ಪತ್ರದ ಅಂಚಿಗೆ ತಾಗಿದ ಮಸಿ ಅದೇ.

ಮೂರನೆಯ ದಿನ ನಿನ್ನ ಕಾಕು, ನಾನು ಜೈಲಿಗೆ ಹೋಗುವಾಗ ಬೇಕಾಗುತ್ತದೆಂದು ಹಳೆಯ ಕಂಬಳಿಯನ್ನು ತೆಗೆದು ಬಿಸಿಲಿಗೆ ಹಾಕಿದಳು.

ಗೊಲ್ಲಾಳಪ್ಪ


ಮುಂಬಯಿ
೧೮-೧೦-೧೯೫೭

ತೀರ್ಥರೂಪ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದದ ಕೆಳಗೆ, ನನ್ನ ಹಿಂದಿನ ಖಾತ್ರಿ ಸುಳ್ಳೆಂದು ನಾನೂ ಬರೆದು ಕೊಟ್ಟಿದ್ದೆ. ಅರ್ಜಿ ನಾಮಂಜೂರಾಗಿದೆ.

ಕಚೇರಿಯ ಹಳೆಯ ಗೆಳೆಯನೊಬ್ಬ ಅದರ ಮೇಲಿನ ಟಿಪ್ಪಣಿ ಓದಿ ಹೇಳಿದ. ಮುಚ್ಚಿಡುವುದಿಲ್ಲ. 'ಇದೇ ಊರಿನ, ಇದೇ ಬರಹಗಾರನ ಮಾತು ನಂಬಿ ಕೊಟ್ಟ ಹಿಂದಿನ ಮಾಫಿಯ ಫಲ ಗೊತ್ತೇ ಇದೆ. ಈಗಿನ ಹೇಳಿಕೆಯೂ ಆರೋಪಿಯನ್ನು ಬಿಡಿಸಲು ಹೂಡಿದ ಉಪಾಯವಿರಬಹುದು. ಗವರ್ನರರನ್ನು ಎರಡನೆಯ ಸಲ ಇಂಥ ಮುಜುಗರಕ್ಕೆ ಒಡ್ಡುವುದು ಬೇಡ.'

ನಿಮ್ಮ ಮೇಲೆ ಖಟ್ಲೆ ಹಾಕುವುದಿಲ್ಲ. ಖಟ್ಲೆ ಹಾಕುವಷ್ಟೂ ಅವರು ನಿಮ್ಮನ್ನು ನಂಬಲಿಲ್ಲ, ಕಾಕಾ. ಕಂಬಳಿ ಮಡಿಸಿ ಇಡಲು ಹೇಳಿರಿ.

ಬಸಗೊಂಡ


ತಿಕೋಂಡಿ
೫-೧೧-೧೯೫೭

ಚಿ. ಬಸಗೊಂಡನಿಗೆ ಆಶೀರ್ವಾದ.

ನಿನ್ನ ಪತ್ರ ತೆಗೆದುಕೊಂಡು ಯಮನವ್ವನ ಮನೆಗೆ ಹೋದೆ. ಸುಗ್ಗಿಗೆ ಮುಂಚಿನ ಬಿಸಿಲು, ಗಂಟಲು ಒಣಗಿತ್ತು. ಆಕೆ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಕುಂದ್ರು ಅನ್ನಲಿಲ್ಲ. ನಿಂತೇ ಓದಿದೆ. ನಂಬಲಿಲ್ಲ ಎಂಬ ಸಾಲನ್ನೂ ಬಿಡಲಿಲ್ಲ.

"ಎಲ್ಲಾ ಓದಿದ್ಯಾ?" ಎಂದು ಕೇಳಿದಳು.

"ಎಲ್ಲಾ ಓದೀನಿ."

"ಹಂಗಾರ ಬರೂ ವರ್ಷ ಮತ್ತ ಬರಿ."

"ಬರೀತೀನಿ" ಅಂದೆ. ಐದು ವರ್ಷ ಉಳಿದಿದೆ, ಐದು ಸಲ ಬರೆಯುತ್ತೇನೆ. ನಂಬುವವರೆಗೆ ಬರೆಯುವುದೊಂದೇ ಈಗ ನನ್ನ ಕೈಲಾಗುವ ಕೆಲಸ. ಮೇಜನ್ನು ಕಾಸೀಂಸಾಬನಿಗೆ ಕೊಟ್ಟುಬಿಟ್ಟೆ.

ಹೊರಟೆ. ಕರೆದಳು. ಒಳಗಿನಿಂದ ಹೊಸ ಕರಿ ಉಡದಾರ ತಂದು ಕೈಯಲ್ಲಿಟ್ಟಳು. "ಹಳೇದು ಕೂಸಿಗೆ ಸಣ್ಣದಾಗಿರಬೇಕು" ಎಂದಳು. ಬಾಗಿಲ ಪಕ್ಕದಲ್ಲೇ ಕೊಡವಿತ್ತು, ಮೇಲೆ ತಂಬಿಗೆ ಬೋರಲು ಹಾಕಿತ್ತು. ನಾನು ಅತ್ತ ನೋಡಿದ್ದನ್ನು ಆಕೆ ನೋಡಿದಳು.

"ನೀರ ಕೇಳಬ್ಯಾಡ ಅಣ್ಣಾ" ಎಂದಳು, ಮೆಲ್ಲಗೆ. "ಕೇಳಿದ್ರ ಇಲ್ಲ ಅನಬೇಕಾಕ್ಕೈತಿ."

ಕೇಳಲಿಲ್ಲ. ಮನೆಗೆ ಬಂದು ಕುಡಿದೆ.

ನಿನ್ನ ಕಾಕಾ
ಗೊಲ್ಲಾಳಪ್ಪ